ಉಪ್ಪಿನ ಲೆಕ್ಕ ಬರೆದ ಘೋಷ್

ನೀರಿನಲ್ಲಿ ಎರಡು ಅಯಾನುಗಳು ವರ್ತಿಸುತ್ತಿರುವಾಗ, ಕ್ರಿಯೆಯಲ್ಲಿ ಪಾಲ್ಗೊಳ್ಳದ ಬೇರೊಂದು ಲವಣ ಬೆರೆಸಿದರೂ ವೇಗ ಬದಲಾಗುತ್ತದೆ. ಒಂದೇ ಬಗೆಯ ಆವೇಶದ ಅಯಾನುಗಳಾದರೆ ಕ್ರಿಯೆ ಚುರುಕಾಗುತ್ತದೆ, ವಿರುದ್ಧ ಆವೇಶದವಾದರೆ ನಿಧಾನವಾಗುತ್ತದೆ. ಸುತ್ತ ನೆರೆದ ಲವಣದ ಅಯಾನುಗಳು ಅವುಗಳ ನಡುವಿನ ವಿಕರ್ಷಣೆ, ಆಕರ್ಷಣೆಯನ್ನು ತಗ್ಗಿಸುವುದೇ ಇದಕ್ಕೆ ಕಾರಣ.

ಅಯಾನುಗಳ ಈ ಸೆಳೆತವನ್ನು ಲೆಕ್ಕಕ್ಕೆ ತರಲು ಮೊದಲು ಹೊರಟವರಲ್ಲಿ ಜ್ಞಾನಚಂದ್ರ ಘೋಷ್ ಒಬ್ಬರು. 1894ರಲ್ಲಿ ಪುರುಲಿಯಾದಲ್ಲಿ ಹುಟ್ಟಿದ ಅವರು ಕಲ್ಕತ್ತೆಯಲ್ಲಿ ಪ್ರಫುಲ್ಲಚಂದ್ರ ರೇ ಅವರ ಶಿಷ್ಯರು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಅವರ ಸಹಪಾಠಿ. ಪ್ರಬಲ ಲವಣಗಳು ಕರಗಿದಾಗ ಪೂರ್ತಿ ಅಯಾನುಗಳಾಗುತ್ತವೆ, ಹರಳಿನಲ್ಲಿದ್ದಂತೆಯೇ ಕ್ರಮವಾಗಿ ನಿಲ್ಲುತ್ತವೆ ಎಂದು 1918ರಲ್ಲಿ ಸಿದ್ಧಾಂತ ಮಂಡಿಸಿದರು. ಆಗ ಅವರಿಗಿನ್ನೂ ಇಪ್ಪತ್ತನಾಲ್ಕರ ಆಸುಪಾಸು.

ಅವರ ಸೂತ್ರದಲ್ಲಿದ್ದುದು ಸಾರತೆಯ ಘನಮೂಲ. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ವರ್ಗಮೂಲದ ಸೂತ್ರ ಕೊಟ್ಟರು. ತೆಳು ದ್ರಾವಣಗಳ ಪ್ರಯೋಗಗಳು ಅದನ್ನೇ ಒಪ್ಪಿದವು. ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಬೆರುಮ್ ಹೆಸರಿನ ಲವಣ ಪರಿಣಾಮದ ಸಮೀಕರಣವೂ ಅದರ ಬಲದಿಂದಲೇ ಪಠ್ಯ ಸೇರಿತು. ಘೋಷ್ ಸೂತ್ರ ಹಿಂದೆ ಸರಿಯಿತು. ಲವಣ ಪೂರ್ತಿ ಒಡೆಯುತ್ತದೆ ಎಂಬ ಮಾತು ಉಳಿಯಿತು.

ಘೋಷ್ ಕೈಕಟ್ಟಿ ಕೂರಲಿಲ್ಲ. ಢಾಕಾ ವಿಶ್ವವಿದ್ಯಾಲಯದಲ್ಲಿ ರಸಾಯನ ವಿಜ್ಞಾನ ವಿಭಾಗ ಬೆಳೆಸಿದರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು; 1942ರಲ್ಲಿ ಅಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಖರಗಪುರದಲ್ಲಿ ದೇಶದ ಮೊದಲ ಐಐಟಿಗೆ ಮೊದಲ ನಿರ್ದೇಶಕರೂ ಅವರೇ. 1959ರಲ್ಲಿ ತೀರಿಕೊಂಡಾಗ ಯೋಜನಾ ಆಯೋಗದ ಸದಸ್ಯರಾಗಿದ್ದರು.

ಪಾಲಾರ್‌ನಂಥ ಗಡಿಯೂರಿನಿಂದ ಓದಿಗೂ ಕೆಲಸಕ್ಕೂ ಬೆಂಗಳೂರಿನ ಬಸ್ಸು ಹತ್ತುವ ನಮಗೆ ಈ ಬದುಕು ಹೇಳುವುದಿಷ್ಟೇ: ಒಂದು ಉತ್ತರ ತಿದ್ದುಪಡಿಯಾದರೆ ಓದು ಮುಗಿಯುವುದಿಲ್ಲ, ಮುಂದಿನ ಲೆಕ್ಕ ಕಾದಿರುತ್ತದೆ.