ಸಾರಿನ ನೀರಿನಲ್ಲಿ ರುಚಿ ಕಂಡ ಆಚಾರ್ಯ

ಜಪಾನಿನ ಆಚಾರ್ಯ ಕಿಕುನಾಯೆ ಇಕೆಡಾ ಅವರ ಹೆಸರನ್ನು ನಾನು ಮೊದಲು ಅರಿತುದು ಯಾವ ತರಗತಿಯಲ್ಲಿಯೂ ಅಲ್ಲ. ಶಿವನಸಮುದ್ರದ ನಮ್ಮ ಮನೆಯ ಒಲೆಯ ಮುಂದೆ. ಪ್ರಸಿದ್ಧ ರಸಾಯನ ವಿಜ್ಞಾನಿಯೊಬ್ಬರ ಜೀವನವನ್ನು ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಬರೆಯಹೊರಟುದಕ್ಕೆ ಇದೇ ಕಾರಣವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಬಿಡದಿಯ ಕಾರ್ಖಾನೆಗಳ ದೆಸೆಯಿಂದ ಬೆಂಗಳೂರಿನ ಸುತ್ತಮುತ್ತ ಅನೇಕ ಜಪಾನೀಯರು ನೆಲೆಸಿರುವುದು ವಾಚಕರಿಗೆ ತಿಳಿದ ವಿಷಯ. ಅಂಥವರು ಇಳಿದುಕೊಳ್ಳುವ ಅತಿಥಿಗೃಹವೊಂದರಲ್ಲಿ ನಮ್ಮಣ್ಣನಿಗೆ ಅಡುಗೆಯ ಸಹಾಯಕನ ಕೆಲಸ ದೊರೆಯಿತು. ಸುಶಿಯನ್ನೂ ಅವರ ಬಗೆಬಗೆಯ ಸಾರುಗಳನ್ನೂ ಕಲಿತಲ್ಲದೆ ಅಲ್ಲಿ ನಿಲ್ಲುವಂತಿರಲಿಲ್ಲ. ಆದುದರಿಂದ ರಜೆಯಲ್ಲಿ ಬಂದಾಗಲೆಲ್ಲ ಮನೆಯಲ್ಲಿಯೇ ಅಭ್ಯಾಸ ನಡೆಸುತ್ತಿದ್ದನು. ನಾನು ಅವನ ಶಿಷ್ಯನಾದೆನು. ಮೊದಲ ದಿನ ನಮ್ಮ ಸೋನಾ ಅಕ್ಕಿಯ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ, ಕಡಲಪಾಚಿಯ ಹಾಳೆಯಲ್ಲಿ ಸುತ್ತಿ ಕೊಯ್ದೆವು. ಅಗುಳುಗಳೆಲ್ಲ ಉದುರಿ ತಟ್ಟೆಯ ತುಂಬ ಹರಡಿದವು. ಸುಶಿಗೆ ಬೇಕಾದುದು ಗಿಡ್ಡ ಕಾಳಿನ ಅಕ್ಕಿ. ಅದರ ಪಿಷ್ಟದಲ್ಲಿ ಅಮೈಲೋಸ್ ಎಂಬ ಅಂಶ ಕಡಮೆಯಾದುದರಿಂದ ಅಗುಳು ಅಗುಳಿಗೆ ಅಂಟುತ್ತದೆ. ಉದುರುದುರಾಗಿರುವುದೇ ನಮ್ಮ ಅನ್ನಕ್ಕೆ ಗುಣ. ಅಲ್ಲಿ ಅದೇ ದೋಷ.

ಎರಡನೆಯ ಪಾಠ ದಾಶಿ. ಇದು ಜಪಾನೀ ಅಡುಗೆಗೆಲ್ಲ ತಳಹದಿಯಾದ ತಿಳಿಸಾರು. ಕೊಂಬು ಎಂಬ ಒಣಗಿದ ಕಡಲ ಸೊಪ್ಪನ್ನು ತಣ್ಣೀರಿನಲ್ಲಿ ನೆನೆಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ, ನೀರು ಕುದಿಯುವ ಮೊದಲೇ ಸೊಪ್ಪನ್ನು ತೆಗೆಯಬೇಕು. ನನ್ನ ನಾಲಗೆಗೆ ಅದು ಬರಿಯ ಬಿಸಿನೀರು. ನಮ್ಮವ್ವ ಒಂದು ಗುಟುಕು ಕುಡಿದು, ಬಸ್ಸಾರಿಗೆ ಬಸಿದ ಕಟ್ಟನ್ನು ಖಾರ ಹಾಕುವ ಮೊದಲೇ ನಾಲಗೆಗಿಟ್ಟಂತಿದೆ ಎಂದಳು. ಅಣ್ಣ ಬೆರಗಾಗಿ, ಈ ಮಾತನ್ನು ಕಂಡುಹಿಡಿಯಲು ಒಬ್ಬ ದೊಡ್ಡ ಪ್ರೊಫೆಸರು ಬೇಕಾಯಿತಂತೆ ಎಂದು ಇಕೆಡಾ ಅವರ ಹೆಸರನ್ನು ಹೇಳಿದನು. ಅಂದಿನಿಂದ ಅವರ ವಿಷಯವಾಗಿ ಸಿಕ್ಕಿದುದನ್ನೆಲ್ಲ ಓದತೊಡಗಿದೆನು.

ಇಕೆಡಾ ಅವರು 1864ರಲ್ಲಿ ಕ್ಯೋಟೊ ನಗರದಲ್ಲಿ ಜನಿಸಿದರು. 1889ರಲ್ಲಿ ಟೋಕಿಯೊ ವಿಶ್ವವಿದ್ಯಾನಿಲಯದಲ್ಲಿ ರಸಾಯನ ಶಾಸ್ತ್ರದ ಪದವಿ ಪಡೆದು, ಅಧ್ಯಾಪಕರಾಗಿ, 1899ರಲ್ಲಿ ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ತೆರಳಿದರು. ಮುಂದೆ ನೊಬೆಲ್ ಬಹುಮಾನ ಪಡೆದ ಓಸ್ಟ್‌ವಾಲ್ಡ್ ಮಹಾಶಯರು ಲೈಪ್‌ಜಿಗ್‌ನಲ್ಲಿ ಅವರ ಗುರುಗಳು. ಜರ್ಮನರ ದೇಹದಾರ್ಢ್ಯವನ್ನು ಕಂಡು ಅವರಿಗೆ ತಮ್ಮ ದೇಶದ ಬಡಜನರ ಸಪ್ಪೆ ಊಟ ನೆನಪಾಯಿತು. ಅಲ್ಲಿಯ ಟೊಮೇಟೊ, ಗಿಣ್ಣು, ಮಾಂಸ ಇವುಗಳಲ್ಲಿ ಸಿಹಿ, ಹುಳಿ, ಉಪ್ಪು, ಕಹಿ ಯಾವುದೂ ಅಲ್ಲದ ಇನ್ನೊಂದು ರುಚಿ ಸುಳಿಯುವುದನ್ನೂ ಗಮನಿಸಿದರು. 1901ರಲ್ಲಿ ಲಂಡನ್ನಿಗೆ ಬಂದು, ಮುಂದೆ ಮಹಾ ಕಾದಂಬರಿಕಾರರೆನಿಸಿದ ನತ್ಸುಮೆ ಸೋಸೆಕಿ ಅವರೊಡನೆ ಕೆಲವು ಕಾಲ ಒಂದೇ ಮನೆಯಲ್ಲಿ ತಂಗಿದ್ದು, ಅದೇ ವರ್ಷ ಸ್ವದೇಶಕ್ಕೆ ಮರಳಿ ಪ್ರಾಧ್ಯಾಪಕರಾದರು. ಮರುವರ್ಷ, ಅಂದರೆ 1902ರಲ್ಲಿ, ನಮ್ಮೂರ ಜಲಪಾತದ ವಿದ್ಯುಚ್ಛಕ್ತಿ ಮೊದಲಬಾರಿಗೆ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ನೀರಿನಲ್ಲಿ ಕಣ್ಣಿಗೆ ಕಾಣದುದನ್ನು ಹುಡುಕಿ ತೆಗೆಯುವ ಕಾಲವದು.

ಕೊಂಬಿನ ಸಾರನ್ನು ಜಪಾನಿನ ಹೆಂಗಸರು ತಲೆತಲಾಂತರದಿಂದ ಮಾಡುತ್ತ ಬಂದಿದ್ದರು. ಅದರ ರುಚಿ ಯಾವ ವಸ್ತುವಿನದೆಂದು ಮಾತ್ರ ಯಾರೂ ಕೇಳಿರಲಿಲ್ಲ. ಇಕೆಡಾ ಅವರು 1907ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಒಳ್ಳೆಯ ರುಚಿಯಿಂದ ಜೀರ್ಣಶಕ್ತಿ ಹೆಚ್ಚುತ್ತದೆಂಬ ವೈದ್ಯರೊಬ್ಬರ ಲೇಖನವೂ ಅವರಿಗೆ ಪ್ರೇರಣೆಯಾಯಿತು. ಅಗ್ಗವಾದ ಊಟಕ್ಕೂ ಸವಿ ಬಂದರೆ ಬಡವರು ಹೊಟ್ಟೆ ತುಂಬ ಉಂಡಾರು ಎಂಬುದು ಅವರ ಆಸೆ. ಸುಮಾರು 12 ಕಿಲೋ ಕೊಂಬಿನ ಸಾರವನ್ನು ತೆಗೆದು, ಉಪ್ಪಿನಂಶಗಳನ್ನು ಒಂದೊಂದಾಗಿ ಬೇರ್ಪಡಿಸಿ, ಕೊನೆಗೆ ಕೇವಲ 30 ಗ್ರಾಂ ಹರಳುಗಳನ್ನು ಪಡೆದರು. ಅದು ಗ್ಲುಟಾಮಿಕ್ ಆಮ್ಲ. 1866ರಲ್ಲಿಯೇ ಜರ್ಮನಿಯ ರಿಟ್‌ಹೌಸನ್ ಎಂಬುವರು ಗೋಧಿಯ ಅಂಟಿನಿಂದ ಅದನ್ನು ತೆಗೆದಿದ್ದರು. ಸಾರಿನ ಸವಿಗೆ ಅದೇ ಮೂಲವೆಂದು ತೋರಿಸಿದವರು ಇಕೆಡಾ. ಆ ರುಚಿಗೆ ಅವರು ಉಮಾಮಿ ಎಂದು ಹೆಸರಿಟ್ಟರು. ಆಮ್ಲದ ಸೋಡಿಯಂ ಲವಣವು ನೀರಿನಲ್ಲಿ ಸುಲಭವಾಗಿ ಕರಗಿ ಸೊಗಸಾದ ರುಚಿ ಕೊಡುವುದನ್ನು ಕಂಡು 1908ರಲ್ಲಿ ಪೇಟೆಂಟ್ ಪಡೆದರು. ಸುಜುಕಿ ಸಬುರೊಸುಕೆ ಎಂಬ ಉದ್ಯಮಿ 1909ರಲ್ಲಿ ಅದನ್ನು ಅಜಿನೊಮೊಟೊ ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು.

ಪುಡಿಯಿಂದ ಪ್ರಸಿದ್ಧರಾದರೂ ಇಕೆಡಾ ಅವರು ಪ್ರಯೋಗಶಾಲೆಯನ್ನು ಬಿಡಲಿಲ್ಲ. 1917ರಲ್ಲಿ ಸ್ಥಾಪಿತವಾದ ರಿಕೆನ್ ಎಂಬ ಸಂಶೋಧನ ಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. 1923ರಲ್ಲಿ ನಿವೃತ್ತರಾದ ಮೇಲೆ ಮತ್ತೆ ಜರ್ಮನಿಗೆ ಹೋಗಿ ಅನೇಕ ವರ್ಷ ಸಂಶೋಧನೆ ನಡೆಸಿ ಹಿಂದಿರುಗಿದರು. 1936ರ ಮೇ 3ರಂದು ತೀರಿಕೊಂಡರು. ಉಮಾಮಿಯು ಪ್ರತ್ಯೇಕ ರುಚಿಯೇ ಎಂದು ಪಶ್ಚಿಮದ ವಿದ್ವಾಂಸರು ಬಹುಕಾಲ ಸಂಶಯಪಟ್ಟರು. ಅದನ್ನು ಗುರುತಿಸುವ ಗ್ರಾಹಕಗಳು ನಾಲಗೆಯಲ್ಲಿಯೇ ಇವೆಯೆಂದು 2000ದ ಈಚೆಗೆ ಗೊತ್ತಾದಾಗ ಆ ವಾದ ಮುಗಿಯಿತು.

ನಮ್ಮಲ್ಲಿ ಮಾತ್ರ ಈ ಮಹನೀಯರ ಕೆಲಸಕ್ಕೆ ಬಂದಿರುವುದು ಅಪಕೀರ್ತಿ. ಬೀದಿಯ ಗೋಬಿ ಮಂಚೂರಿಯ ಬಾಣಲೆಯ ಪಕ್ಕದಲ್ಲಿರುವ ಟೇಸ್ಟಿಂಗ್ ಪೌಡರ್ ಎಂದರೆ ವಿಷವೆಂದೇ ಅನೇಕರ ನಂಬಿಕೆ. ಅಣ್ಣ ತಂದ ಪೊಟ್ಟಣವನ್ನು ಅವ್ವ ಅಡುಗೆಮನೆಯ ಹೊಸಿಲು ದಾಟಿಸಲಿಲ್ಲ. ಈ ಭಯಕ್ಕೆ 1968ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ಅಚ್ಚಾದ ಒಂದು ಪತ್ರ ದೊಡ್ಡ ಕಾರಣ. ಆಮೇಲೆ ನಡೆದ ಪರೀಕ್ಷೆಗಳಲ್ಲಿ, ಊಟದಲ್ಲಿ ಬಳಸುವಷ್ಟು ಪ್ರಮಾಣದಿಂದ ಸಾಮಾನ್ಯ ಜನರಿಗೆ ಅಪಾಯವಿದೆಯೆಂದು ಸಿದ್ಧವಾಗಲಿಲ್ಲ. ಈಗ ಅದನ್ನು ಮಂಡ್ಯದವರಾದ ನಾವು ಬಲ್ಲ ಕಬ್ಬಿನ ಕಾಕಂಬಿಯಂಥ ವಸ್ತುಗಳನ್ನು ಹುದುಗೆಬ್ಬಿಸಿಯೇ ತಯಾರಿಸುತ್ತಾರೆ. ಅವ್ವ ಬಸ್ಸಾರಿಗೆ ಸುಟ್ಟು ಅರೆಯುವ ಟೊಮೇಟೊದಲ್ಲಿಯೂ ಇರುವುದು ಅದೇ ಗ್ಲುಟಾಮೇಟು.

ಆದರೆ ಪುಡಿಯ ಪರವಾಗಿ ವಾದಿಸುವುದು ನನ್ನ ಉದ್ದೇಶವಲ್ಲ. ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಾಯಿಯ ವಿದ್ಯಾಭ್ಯಾಸವೆಂಬ ಕಡೆ ಇಲ್ಲ ಎಂದು ಬರೆದವನು ನಾನು. ಬರೆಯುವಾಗ ಪಕ್ಕದವರು ನೋಡದಂತೆ ಕೈ ಅಡ್ಡ ಹಿಡಿದಿದ್ದೆನು. ವಿದ್ಯೆ ಎಂದರೆ ಮಳವಳ್ಳಿಯ ಬಸ್ಸು ಹತ್ತಿ ಹೋಗಿ ತರುವಂಥದು, ಮನೆಯಲ್ಲಿ ಅದು ಇಲ್ಲ ಎಂದು ತಿಳಿದಿದ್ದೆನು. ಲೈಪ್‌ಜಿಗ್‌ನವರೆಗೆ ಹೋಗಿ ಓದಿ ಬಂದವರು ಮನೆಯ ಸಾರಿನ ಪಾತ್ರೆಯ ಮುಂದೆ ವಿದ್ಯಾರ್ಥಿಯಂತೆ ನಿಂತರೆಂಬ ಸಂಗತಿ ನನ್ನ ತಪ್ಪನ್ನು ತೋರಿಸಿಕೊಟ್ಟಿತು.

ಕಳೆದ ರಜೆಯಲ್ಲಿ ಅಣ್ಣ ತಂದ ಗಿಡ್ಡ ಅಕ್ಕಿಯಿಂದ ನಮ್ಮ ಸುಶಿ ಕಡೆಗೂ ಉದುರದೆ ನಿಂತಿತು. ಅದನ್ನು ಉಣ್ಣುತ್ತ ಅವ್ವನಿಗೆ ಇಕೆಡಾ ಅವರ ಕಥೆಯನ್ನು ಪೂರ್ತಿ ಹೇಳಿದೆನು. 12 ಕಿಲೋ ಸೊಪ್ಪಿನಿಂದ ಒಂದು ಹಿಡಿ ಹರಳು ತೆಗೆದರೆಂದಾಗ ಅವಳು ತಿನ್ನುವುದನ್ನು ನಿಲ್ಲಿಸಿ, ಬಸಿದ ಮೇಲೆ ಉಳಿದ ಸೊಪ್ಪಿಗೆ ಒಗ್ಗರಣೆ ಹಾಕಿದರೋ ಸುಮ್ಮನೆ ಚೆಲ್ಲಿದರೋ ಎಂದು ಕೇಳಿದಳು. ನಾನು ಓದಿದ ಯಾವ ಪುಸ್ತಕವೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ.