ಗಾಡ್ಗೆ ಬಾಬಾ ಹಿಡಿದ ಪೊರಕೆ



*ಇಂದಿನ ಧಮ್ಮ ಚಿಂತನೆ: ದಾನ*

ಸೇವೆ ಎಂಬ ಮಾತು ಕೇಳಿದರೆ ನನಗೆ ಇಂದಿಗೂ ಕಸಿವಿಸಿ. ನಮ್ಮ ಹಿರಿಯರು ತಲೆತಲಾಂತರ ಊರ ಕಸ ಗುಡಿಸಿದರು, ಸತ್ತ ದನ ಹೊತ್ತರು, ಸಾವಿನ ಸುದ್ದಿ ಮುಟ್ಟಿಸಿದರು. ಊರವರು ಅದನ್ನು ಸೇವೆ ಎಂದರು. ಅದು ಬಿಟ್ಟಿ ಚಾಕರಿ. ಹೀಗಿರುವಾಗ, ಸಮಾಜಕ್ಕಾಗಿ ಕೂಲಿ ಕೇಳದೆ ದುಡಿಯಿರಿ ಎಂದು ನಮ್ಮ ಮಕ್ಕಳಿಗೆ ಯಾವ ಬಾಯಿಂದ ಹೇಳುವುದು? ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ಗಾಡ್ಗೆ ಬಾಬಾ ಅವರ ಬದುಕಿನಲ್ಲಿ.

1876ರ ಫೆಬ್ರುವರಿ 23ರಂದು ಅಮರಾವತಿ ಜಿಲ್ಲೆಯ ಶೆಂಡಗಾಂವ್‌ನಲ್ಲಿ, ಅಗಸರ ಮನೆಯಲ್ಲಿ ಅವರು ಹುಟ್ಟಿದರು. ಹೆಸರು ಡೇಬೂಜಿ. ತಂದೆಯನ್ನು ಕುಡಿತ ತಿಂದುಹಾಕಿತು. ಸೋದರಮಾವನ ಊರಿನಲ್ಲಿ ದನ ಕಾಯುತ್ತ, ಹೊಲ ಉಳುತ್ತ ಬೆಳೆದರು. ಅಕ್ಷರ ಕಲಿಯಲಿಲ್ಲ. 1905ರಲ್ಲಿ ಮನೆ ಬಿಟ್ಟರು. ಮೈಮೇಲೆ ತೇಪೆ ಬಟ್ಟೆ, ಜೊತೆಗೊಂದು ಮಣ್ಣಿನ ಪಾತ್ರೆ. ಮರಾಠಿಯಲ್ಲಿ ಅದು ಗಾಡ್ಗೆ. ಅದೇ ಅವರ ಹೆಸರಾಯಿತು.

ಯಾವ ಊರಿಗೆ ಹೋದರೂ ಮೊದಲು ಪೊರಕೆ ಹಿಡಿದು ಬೀದಿ, ಚರಂಡಿ ಹಸನು ಮಾಡುತ್ತಿದ್ದರು. ನೋಡುತ್ತ ನಿಂತವರೂ ಕೈಜೋಡಿಸುತ್ತಿದ್ದರು. ರಾತ್ರಿ ಕೀರ್ತನೆ. ಅದರಲ್ಲಿ ಕುಡಿತ, ಪ್ರಾಣಿಬಲಿ, ಸಾಲದ ಮದುವೆ, ಅಸ್ಪೃಶ್ಯತೆ ಎಲ್ಲಕ್ಕೂ ಚಾಟಿಯೇಟು. ಊಟದ ತಟ್ಟೆ ಮಾರಿಯಾದರೂ ಮಕ್ಕಳನ್ನು ಓದಿಸಬೇಕೆಂದು ಓದು ಬಾರದ ಅವರು ಹೇಳುತ್ತಿದ್ದರು. ಜನ ಕೊಟ್ಟ ಹಣವೆಲ್ಲ ಧರ್ಮಶಾಲೆ, ಶಾಲೆ, ಆಸ್ಪತ್ರೆಗಳಾಯಿತು. ತಮಗೆಂದು ಏನನ್ನೂ ಇಟ್ಟುಕೊಳ್ಳಲಿಲ್ಲ. ಪಂಢರಪುರದಲ್ಲಿ ಕಟ್ಟಿಸಿದ ಚೋಖಾಮೇಳ ಧರ್ಮಶಾಲೆಯನ್ನು ಬಾಬಾಸಾಹೇಬರ ಪೀಪಲ್ಸ್ ಎಜುಕೇಷನ್ ಸೊಸೈಟಿಗೆ ಒಪ್ಪಿಸಿಬಿಟ್ಟರು.

ಅವರು ದೀಕ್ಷೆ ಪಡೆದವರಲ್ಲ, ಕೀರ್ತನಕಾರರು. ಆದರೂ ದಾನ ಪಾರಮಿತೆ ಎಂದಾಗ ನನಗೆ ಅವರ ಪೊರಕೆ ನೆನಪಾಗುತ್ತದೆ. ನಮ್ಮ ಹಿರಿಯರ ಕೈಗೆ ಪೊರಕೆ ಕೊಟ್ಟದ್ದು ಜಾತಿ, ಒಲ್ಲೆ ಎನ್ನುವಂತಿರಲಿಲ್ಲ. ಬಾಬಾ ತಾವಾಗಿಯೇ ಹಿಡಿದರು. ಒಲ್ಲೆ ಎನ್ನಬಲ್ಲವನು ಕೊಟ್ಟರೆ ಮಾತ್ರ ಅದು ದಾನ. ಇಂದು ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ. ಒಲ್ಲೆ ಎನ್ನುವ ಹಕ್ಕು ನಮಗಿದೆ. ಆದ್ದರಿಂದಲೇ, ಮನಸಾರೆ ಕೊಡುವ ಹಿರಿಮೆಯೂ ನಮ್ಮದು.

1956ರ ಡಿಸೆಂಬರ್ 6ರಂದು ಬಾಬಾಸಾಹೇಬರು ಪರಿನಿಬ್ಬಾಣ ಹೊಂದಿದರು. 14 ದಿನಗಳ ನಂತರ, ಡಿಸೆಂಬರ್ 20ರಂದು, ಗಾಡ್ಗೆ ಬಾಬಾ ಕೂಡ ಹೊರಟುಹೋದರು.

ದೀಕ್ಷೆಯ ಮರುದಿನ ನಾಗಪುರದಲ್ಲಿ ಬಾಬಾಸಾಹೇಬರು, ಪ್ರತಿಯೊಬ್ಬರೂ ಆದಾಯದ 20ನೇ ಒಂದು ಪಾಲನ್ನು ಧಮ್ಮಕಾರ್ಯಕ್ಕೆ ಕೊಡಬೇಕೆಂದು ಕೇಳಿದ್ದರು. ನಾನು ಈ ಲೆಕ್ಕವನ್ನು ಸಮಯಕ್ಕೂ ಹಾಕಿ ನೋಡಿದೆ. ವಾರದ 168 ಗಂಟೆಗಳಲ್ಲಿ 20ನೇ ಒಂದು ಪಾಲು ಎಂದರೆ ಎಂಟು ಗಂಟೆ ಚಿಲ್ಲರೆ. ಅಷ್ಟಾಗದಿದ್ದರೆ ಎರಡೇ ಗಂಟೆ ಇರಲಿ. ಕೇರಿಯ ಒಂದು ಮಗುವಿಗೆ ಲೆಕ್ಕ ಹೇಳಿಕೊಡಬಹುದು, ಒಬ್ಬ ಹುಡುಗಿಯ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡಬಹುದು, ಒಬ್ಬ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಬಹುದು.

ಈ ವಾರ ನಿಮ್ಮ ಎರಡು ಗಂಟೆ ಯಾರಿಗೆ? ಒಂದು ಹೆಸರು ಮನಸ್ಸಿನಲ್ಲಿ ಇಟ್ಟುಕೊಂಡು ಇಂದಿನ ಧ್ಯಾನಕ್ಕೆ ಕುಳಿತುಕೊಳ್ಳೋಣ.

*ಜೈ ಭೀಮ್, ನಮೋ ಬುದ್ಧಾಯ* 🪷