ಶ್ರೀ ಬಸವೇಶ್ವರರೂ ಕ್ಷಮಾಧರ್ಮವೂ

ಧರ್ಮವು ಮನುಷ್ಯನನ್ನು ಭಯದಿಂದ ಕಟ್ಟತಕ್ಕದ್ದೋ ಪ್ರೀತಿಯಿಂದ ಒಲಿಸಿಕೊಳ್ಳತಕ್ಕದ್ದೋ ಎಂಬ ವಿಚಾರವು ಬಹು ಪ್ರಾಚೀನವಾದುದು. ತಪ್ಪಿದವನಿಗೆ ದಂಡವೇ ಗತಿಯೆಂದು ಕೆಲವು ಶಾಸ್ತ್ರಗಳು ವಿಧಿಸುತ್ತವೆ; ತಪ್ಪಿದವನೂ ತನ್ನನ್ನು ತಿದ್ದಿಕೊಳ್ಳಬಲ್ಲನೆಂಬ ನಂಬುಗೆಯ ಮೇಲೆ ಬೇರೆ ಕೆಲವು ಮಾರ್ಗಗಳು ನಿಂತಿರುತ್ತವೆ. ಕನ್ನಡನಾಡಿನಲ್ಲಿ ಈ ವಿಚಾರವನ್ನು ತಮ್ಮ ಬಾಳಿನಲ್ಲಿಯೇ ಒರೆಗೆ ಹಚ್ಚಿ ನೋಡಿದ ಮಹಾಪುರುಷರು 12ನೆಯ ಶತಮಾನದ ಶ್ರೀ ಬಸವೇಶ್ವರರು. ಅವರು ಹುಟ್ಟಿದ ಮನೆಯ ಕಟ್ಟುನಿಟ್ಟಾದ ಕರ್ಮಮಾರ್ಗವನ್ನು ತ್ಯಜಿಸಿದುದು ಭಕ್ತರೆಲ್ಲರಿಗೂ ತಿಳಿದ ಸಂಗತಿ. ಆದರೆ ಹಾಗೆ ತ್ಯಜಿಸಿದ ಮೇಲೆ ನಂಬುಗೆ, ಕ್ಷಮೆ, ದಂಡನೆ ಈ ಮೂರನ್ನೂ ಅವರು ಯಾವ ರೀತಿಯಾಗಿ ಹೊಸದಾಗಿ ಎಣಿಸಿದರು, ಆ ಎಣಿಕೆಗೆ ಕಲ್ಯಾಣದಲ್ಲಿ ಎಂಥ ಕಠಿಣ ಪರೀಕ್ಷೆ ಒದಗಿತು ಎಂಬುದನ್ನು ವಿಚಾರಿಸುವುದು ಅಷ್ಟೇ ಅವಶ್ಯವಾದುದು.

ಬಸವೇಶ್ವರರ ಜನ್ಮಭೂಮಿಯು ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿ. ತಂದೆ ಮಾದರಸರು, ತಾಯಿ ಮಾದಲಾಂಬಿಕೆ, ಅಕ್ಕ ನಾಗಲಾಂಬಿಕೆ. ಮನೆತನವು ಶೈವಬ್ರಾಹ್ಮಣರದು. ಜನ್ಮವರ್ಷವು 1105 ಎಂದೂ 1131 ಎಂದೂ ವಿದ್ವಾಂಸರಲ್ಲಿ ಮತಭೇದವಿದ್ದರೂ ಅವರು ಐತಿಹಾಸಿಕ ಪುರುಷರೆಂಬುದರಲ್ಲಿ ಸಂದೇಹವಿಲ್ಲ. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆತ 1260ರ ಶಿಲಾಶಾಸನವು ಬಾಗೇವಾಡಿಯ ಮಾದಿರಾಜನ ಮಗನಾದ ಬಸವರಾಜರನ್ನು ಹೆಸರಿಸುತ್ತದೆ.

ಆ ಕಾಲದ ಅಗ್ರಹಾರಜೀವನವು ಸ್ಮೃತಿವಿಧಿಗಳಿಂದ ಬಿಗಿಯಲ್ಪಟ್ಟಿದ್ದಿತು. ಬಸವೇಶ್ವರರಿಗಿಂತ ಸ್ವಲ್ಪ ಮುಂಚೆ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಕಲ್ಯಾಣಪಟ್ಟಣದಲ್ಲಿಯೇ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ರಚಿಸಿದನು. ಆಚಾರ, ವ್ಯವಹಾರ, ಪ್ರಾಯಶ್ಚಿತ್ತವೆಂದು ಅದಕ್ಕೆ ಮೂರು ಕಾಂಡಗಳು. ಹೀಗೆ ಹೇಗೆ ನಡೆಯಬೇಕು, ತಪ್ಪಿದರೆ ಅರಸನು ಏನು ದಂಡಿಸಬೇಕು, ಪಾಪವು ಹೇಗೆ ಕಳೆಯಬೇಕು ಎಂಬ ಮೂರೂ ಪ್ರಶ್ನೆಗಳಿಗೆ ಶಾಸ್ತ್ರವು ಉತ್ತರವನ್ನು ಸಿದ್ಧಪಡಿಸಿದ್ದಿತು. ಆ ಉತ್ತರಗಳಲ್ಲಿ ಒಳ್ಳೆಯವೂ ಇಲ್ಲದಿಲ್ಲ. ಕಳವಿನ ವಿಷಯದಲ್ಲಿ ತಿಳಿದವನ ತಪ್ಪು ಹೆಚ್ಚಿನದೆಂದು ಬಗೆದು ಮನುವು ಶೂದ್ರನಿಗೆ ಎಂಟು ಮಡಿಯೂ ಬ್ರಾಹ್ಮಣನಿಗೆ ಅರುವತ್ತುನಾಲ್ಕು ಮಡಿಯೂ ದೋಷವನ್ನು ಹೇಳಿದ್ದಾನೆ. ಆದರೆ ಪ್ರಾಣದಂಡನೆಯ ಮಾತು ಬಂದಾಗ ಬ್ರಾಹ್ಮಣನಿಗೆ ತಲೆ ಬೋಳಿಸುವುದೇ ಸಾಕೆಂದು ಅದೇ ಸ್ಮೃತಿಯು ವಿಧಿಸುತ್ತದೆ. ಮೇಲಿನ ವರ್ಣದ ಸ್ತ್ರೀಯನ್ನು ಕೆಳಗಿನ ವರ್ಣದ ಪುರುಷನು ವರಿಸುವ ಪ್ರತಿಲೋಮ ವಿವಾಹವನ್ನಂತೂ ಶಾಸ್ತ್ರವು ಅತ್ಯಂತ ಗರ್ಹ್ಯವೆಂದು ತೆಗೆದುಹಾಕಿದೆ. ಪಾಪಪರಿಹಾರಕ್ಕೆ ಚಂದ್ರನ ಕಲೆಗಳೊಡನೆ ತುತ್ತುಗಳನ್ನು ಏರಿಸಿ ಇಳಿಸುವ ಚಾಂದ್ರಾಯಣವೇ ಮೊದಲಾದ ವ್ರತಗಳೂ ದಾನಗಳೂ ಇದ್ದವು. ಉಳ್ಳವನಿಗೆ ಇವು ಸಾಧ್ಯವಾಗುತ್ತಿದ್ದವು. ಹೊಟ್ಟೆಗಿಲ್ಲದವನಿಗೆ ಪಾಪವೇ ಉಳಿಯುತ್ತಿದ್ದಿತು.

ಬಾಲಕ ಬಸವರಸರು ಈ ವ್ಯವಸ್ಥೆಯನ್ನು ಬಿಟ್ಟುದರ ವಿವರದಲ್ಲಿ ಕವಿಗಳು ಒಂದೇ ಮಾತನ್ನಾಡುವುದಿಲ್ಲ. ಹರಿಹರನ ರಗಳೆಯ ಪ್ರಕಾರ ಅವರಿಗೆ ಉಪನಯನವಾಗಿದ್ದಿತು. ತಂದೆತಾಯಿಗಳು ತೀರಿಕೊಂಡ ಮೇಲೆ, ಹದಿನಾರರ ಪ್ರಾಯದಲ್ಲಿ, ಕರ್ಮಕ್ಕೂ ಶಿವಭಕ್ತಿಗೂ ಹೊಂದಿಕೆಯಿಲ್ಲವೆಂದು ನಿಶ್ಚಯಿಸಿ ಅವರು ಜನಿವಾರವನ್ನು ಹರಿದು ಬಿಸುಟು ಹೊರಟರು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ ಅದನ್ನನುಸರಿಸಿ 1369ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಬಸವಪುರಾಣವೂ ಉಪನಯನವನ್ನೇ ಅವರು ಒಲ್ಲೆನೆಂದರೆಂದು ಹೇಳುತ್ತವೆ. ಕಥೆಗಳು ಭಿನ್ನವಾದರೂ ತಾತ್ಪರ್ಯವು ಒಂದೇ. ಹುಟ್ಟಿನಿಂದ ಬಂದ ಮೇಲ್ಮೆಯನ್ನು ಅವರು ಸ್ವಂತ ಇಚ್ಛೆಯಿಂದ ಇಳಿಸಿದರು. ತಮಗೆ ಲಾಭಕರವಾದ ವ್ಯವಸ್ಥೆಯನ್ನು ಬಿಡುವವನ ತ್ಯಾಗಕ್ಕೆ ಬೆಲೆ ಹೆಚ್ಚು. ಕೆಳಗಿದ್ದವನು ಬಿಟ್ಟರೆ ನೋವಿನಿಂದ ಬಿಟ್ಟನೆನ್ನಬಹುದು. ಮೇಲಿದ್ದವನು ಬಿಡಬೇಕಾದರೆ ವಿಚಾರವೇ ಕಾರಣವಾಗಿರಬೇಕು.

ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಷೇತ್ರದಲ್ಲಿ ಅವರು ಸಂಗಮನಾಥನ ಸೇವೆಯಲ್ಲಿ ಕೆಲವು ಕಾಲವನ್ನು ಕಳೆದರು. ಹಳೆಯ ಮಾರ್ಗವನ್ನು ಬಿಟ್ಟವರಲ್ಲಿ ಹಲವರಿಗೆ ನಂಬುಗೆಯೇ ಬತ್ತಿಹೋಗುವುದುಂಟು. ಮತ್ತೆ ಹಲವರು ಹಳೆಯ ಭಯವನ್ನೇ ಹೊಸ ಹೆಸರಿನಿಂದ ಹೊತ್ತುಕೊಂಡು ತಿರುಗುವುದುಂಟು. ಬಸವೇಶ್ವರರಲ್ಲಿ ಇವೆರಡೂ ಆಗಲಿಲ್ಲ. ದೇವರು ಕರ್ಮಲೋಪಗಳನ್ನು ಲೆಕ್ಕಹಿಡಿದು ದಂಡಿಸುವ ಅಧಿಕಾರಿಯೆಂಬ ಕಲ್ಪನೆಯು ಅವರಿಂದ ಕಳಚಿಹೋಯಿತು. ಸ್ವರ್ಗನರಕಗಳನ್ನು ಅವರು ಮರಣಾನಂತರದ ಲೋಕಗಳಿಂದ ಇಳಿಸಿ ಮನುಷ್ಯನ ನಡೆನುಡಿಗಳಲ್ಲಿಯೇ ತೋರಿಸಿದರು. ದೇವರೊಡನೆ ಅವರಿಗಿದ್ದುದು ಮಗನಿಗೆ ತಂದೆಯೊಡನಿರುವ ಸಲಿಗೆ. ಆ ಸಲಿಗೆಯಲ್ಲಿ ಬೇಡಿಕೆಯೂ ಉಂಟು, ಮುನಿಸೂ ಉಂಟು. ಅಂಜಿಕೆ ಮಾತ್ರ ಇಲ್ಲ.

ಅನಂತರ ಅವರು ಮಂಗಳವಾಡದಲ್ಲಿ ಕಲಚುರಿ ಬಿಜ್ಜಳನ ಬಳಿ ಕರಣಿಕರ ಕೆಲಸಕ್ಕೆ ಸೇರಿ, ಕ್ರಮೇಣ ಭಂಡಾರದ ಅಧಿಕಾರವನ್ನು ಪಡೆದರು. ಚಾಲುಕ್ಯರ ಮಾಂಡಲಿಕನಾಗಿದ್ದ ಬಿಜ್ಜಳನು 1162ರ ಹೊತ್ತಿಗೆ ಸ್ವತಂತ್ರ ಸಾರ್ವಭೌಮನಾದನು. ಕಲ್ಯಾಣವು ಅವನ ರಾಜಧಾನಿಯಾಯಿತು. ಬಸವಣ್ಣನವರು ಅರಸನ ಹಣವನ್ನು ಜಂಗಮರಿಗಾಗಿ ವೆಚ್ಚಮಾಡುತ್ತಿರುವರೆಂದು ಚಾಡಿ ಹುಟ್ಟಿದಾಗ ಅವರು ಭಂಡಾರವನ್ನು ತೆರೆಯಿಸಿ ಲೆಕ್ಕವನ್ನು ಒಪ್ಪಿಸಿದರೆಂದೂ ಒಂದು ಹೊನ್ನೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ವರ್ಣಿಸುತ್ತವೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕ್ಷಮಾಶೀಲರಾದ ಅವರು ನ್ಯಾಯವಿಚಾರಣೆಯನ್ನು ತಪ್ಪಿಸಿಕೊಳ್ಳಲಿಲ್ಲ. ಚಾಡಿ ಹೇಳಿದವರ ಮೇಲೆ ಹಗೆಯನ್ನೂ ಸಾಧಿಸಲಿಲ್ಲ. ತಮ್ಮ ಲೆಕ್ಕವನ್ನು ತಾವು ಕೊಡಬೇಕು, ಇತರರ ತಪ್ಪನ್ನು ಬೆನ್ನಟ್ಟಬಾರದು ಎಂಬ ನೀತಿಯು ಅವರದಾಗಿದ್ದಿತು.

ಅವರ ಮಹಾಮನೆಯ ಬಾಗಿಲು ಯಾರಿಗೂ ಮುಚ್ಚಿರಲಿಲ್ಲ. ಕಳ್ಳರು ಅವರ ಆಕಳುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯನ್ನಗಲಿದ ಕರುಗಳು ಒರಲುವುವೆಂದು ಮರುಗಿ ಅವನ್ನೂ ಕಳ್ಳರ ಬಳಿಗೆ ಕಳುಹಿಸಿದರೆಂಬ ಕಥೆಯು ಭಕ್ತರ ಮನೆಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅಸ್ಪೃಶ್ಯನೆನಿಸಿದ ನಾಗಿದೇವನ ಮನೆಯಲ್ಲಿ ಅವರು ಪ್ರಸಾದವನ್ನು ಸ್ವೀಕರಿಸಿದುದನ್ನು ಹರಿಹರನು ಹಾಡಿದ್ದಾನೆ. ಗೋಡೆಗೆ ಕನ್ನವಿಕ್ಕುತ್ತಿದ್ದ ಮಾರಯ್ಯನು ಶರಣನಾದ ಮೇಲೂ ಕನ್ನದ ಮಾರಿತಂದೆಯೆಂಬ ಹೆಸರನ್ನೇ ಉಳಿಸಿಕೊಂಡು ವಚನಗಳನ್ನು ಬರೆದನು. ಕಳವಿಗೆಂದು ಬಂದ ಪೆದ್ದಣ್ಣನು ದೀಕ್ಷಾವಿಧಿಯನ್ನು ಕಂಡು ಮನಸೋತು, ಉರಿಲಿಂಗದೇವರ ಶಿಷ್ಯನಾಗಿ, ಉರಿಲಿಂಗಪೆದ್ದಿಯೆಂಬ ಹೆಸರಿನಿಂದ ಆ ಗುರುಪೀಠಕ್ಕೇ ಉತ್ತರಾಧಿಕಾರಿಯಾದನೆಂದು ಸಂಪ್ರದಾಯವು ಹೇಳುತ್ತದೆ. ಇಷ್ಟಲಿಂಗವನ್ನು ಧರಿಸಿದವನ ಪೂರ್ವಾಶ್ರಯವನ್ನು ವಿಚಾರಿಸಲಾಗದೆಂಬ ನಿಯಮದ ಹೃದಯವೇ ಇದು. ಹಳೆಯ ಶಾಸ್ತ್ರದಲ್ಲಿ ಪಾಪಕ್ಕೆ ಪ್ರಾಯಶ್ಚಿತ್ತವಿದ್ದಿತು, ಹುಟ್ಟಿಗೆ ಇರಲಿಲ್ಲ. ಶರಣಮಾರ್ಗದಲ್ಲಿ ಎರಡನ್ನೂ ಹಿಂದಿಕ್ಕಿ ಹೊಸದಾಗಿ ಬಾಳಲು ಅವಕಾಶವುಂಟಾಯಿತು.

ಹಾಗೆಂದು ಈ ಕ್ಷಮೆಯು ಸಡಿಲತೆಯಲ್ಲ. ಪ್ರಾಯಶ್ಚಿತ್ತದ ಅಧಿಕಾರವನ್ನು ಪುರೋಹಿತನ ಕೈಯಿಂದ ತೆಗೆದ ಬಸವಣ್ಣನವರು ಅದನ್ನು ಭಕ್ತನ ಅಂತಃಕರಣಕ್ಕೆ ಒಪ್ಪಿಸಿದರು. ತಮ್ಮ ವಚನಗಳಲ್ಲಿ ಅವರು ಅನ್ಯರ ಡಂಭವನ್ನು ಕಟುವಾಗಿ ಖಂಡಿಸಿದ್ದಾರೆ, ನಿಜ. ಆದರೆ ತಮ್ಮ ಮನಸ್ಸಿನ ಚಂಚಲತೆಯನ್ನೂ ಆಶೆಯನ್ನೂ ಅದಕ್ಕಿಂತ ಕಟುವಾಗಿ ಬಯಲಿಗೆಳೆದಿದ್ದಾರೆ. ಅದೇ ಶಿಸ್ತು ಶರಣರ ಮನೆಗಳಲ್ಲಿಯೂ ನೆಲೆಸಿದ್ದಿತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಪತ್ನಿ ಲಕ್ಕಮ್ಮನು ಅದನ್ನು ಎತ್ತಿಟ್ಟುಕೊಳ್ಳದೆ ಮರಳಿ ಅಲ್ಲಿಯೇ ಚೆಲ್ಲಿಬರಲು ಹೇಳಿದಳು. ಅಲ್ಲಿ ದಂಡವಿಲ್ಲ, ಅಪಮಾನವಿಲ್ಲ. ತಪ್ಪು ಮಾತ್ರ ತಿದ್ದಲ್ಪಟ್ಟಿತು.

ಇಂತಿರಲು ಕಲ್ಯಾಣಕ್ಕೆ ವಿಷಮಕಾಲವು ಪ್ರಾಪ್ತವಾಯಿತು. ಬ್ರಾಹ್ಮಣ್ಯವನ್ನು ತೊರೆದು ಶರಣರಾಗಿದ್ದ ಮಂತ್ರಿ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ವಿವಾಹವು ನೆರವೇರಿತೆಂದು ಸಂಪ್ರದಾಯವಿದೆ. ಲಿಂಗವಂತರ ದೃಷ್ಟಿಯಲ್ಲಿ ಅದು ಇಬ್ಬರು ಶಿವಭಕ್ತರ ಮಕ್ಕಳ ಮದುವೆ. ಸ್ಮೃತಿಯ ದೃಷ್ಟಿಯಲ್ಲಿ ಅದು ಪ್ರತಿಲೋಮವೆಂಬ ಅಪರಾಧ. ಮಿತಾಕ್ಷರವು ಹುಟ್ಟಿದ ಪಟ್ಟಣದಲ್ಲಿಯೇ ಎರಡು ಧರ್ಮಗಳು ಎದುರುಬದುರಾದವು. ಬಿಜ್ಜಳನು ದೂರುಗಾರರ ಮಾತಿಗೆ ಓಗೊಟ್ಟು, ಹರಳಯ್ಯ ಮಧುವರಸರ ಕಣ್ಣುಗಳನ್ನು ಕೀಳಿಸಿ ಆನೆಯ ಕಾಲಿಗೆ ಕಟ್ಟಿ ಎಳೆಯಿಸಿದನೆಂದು ಹೇಳುತ್ತಾರೆ. ಬಸವಪುರಾಣದಲ್ಲಿ ಕಣ್ಣು ಕಳೆದುಕೊಂಡವರ ಹೆಸರು ಅಲ್ಲಯ್ಯ, ಮಧುವಯ್ಯ ಎಂದಿದೆ. ಯಾರಿಗೂ ಕೇಡು ಬಗೆಯದವರು ಹೀಗೆ ಅರಸನ ದಂಡಕ್ಕೆ ಗುರಿಯಾದರು.

ಮುಂದಿನ ಘಟನೆಯು ಭಕ್ತರು ಧೈರ್ಯದಿಂದ ವಿಚಾರಮಾಡಬೇಕಾದುದು. ರೊಚ್ಚಿಗೆದ್ದ ಶರಣರಲ್ಲಿ ಜಗದೇವ, ಮಲ್ಲೆಬೊಮ್ಮಯ್ಯ ಮೊದಲಾದವರು ಬಿಜ್ಜಳನನ್ನು ಕೊಂದರು. ಬಸವಪುರಾಣವು ಜಗದೇವನನ್ನು ಈ ಕಾರ್ಯಕ್ಕೆ ಬಸವಣ್ಣನವರೇ ನಿಯೋಗಿಸಿದರೆಂದು ಹೇಳಿ ಅದನ್ನು ಶಿವದ್ರೋಹಕ್ಕೆ ತಕ್ಕ ಶಾಸ್ತಿಯೆಂದು ಕೊಂಡಾಡುತ್ತದೆ. ಅವರು ಶಾಂತಿಯನ್ನು ಬೋಧಿಸಿ, ಕೊಲೆಗೆ ಮುಂಚಿತವಾಗಿಯೇ ಕಲ್ಯಾಣವನ್ನು ಬಿಟ್ಟು ಹೋದರೆಂಬುದು ಇನ್ನೊಂದು ಪಕ್ಷ. ಜೈನರ ಬಿಜ್ಜಳರಾಯಚರಿತೆಯ ಕಥೆಯು ಇವೆರಡಕ್ಕೂ ಭಿನ್ನವಾದುದು. ಹರಿಹರನ ರಗಳೆಯಲ್ಲಿ ಇಂದು ದೊರೆತಿರುವ ಹದಿಮೂರು ಸ್ಥಲಗಳಲ್ಲಿ ಈ ಕೊಲೆಯ ಪ್ರಸಂಗವೇ ಇಲ್ಲ. 1167ರಲ್ಲಿ ಬಿಜ್ಜಳನ ಆಳಿಕೆಯು ಮುಗಿದು ಮಗನಾದ ಸೋವಿದೇವನು ಪಟ್ಟಕ್ಕೆ ಬಂದನೆಂಬುದಿಷ್ಟು ಇತಿಹಾಸಕ್ಕೆ ನಿಶ್ಚಿತ.

ಪುರಾಣಕರ್ತರು ಹೀಗೆ ಭಿನ್ನವಾಗಿ ನುಡಿಯುವಲ್ಲಿ ಯಾವುದನ್ನು ಗ್ರಹಿಸಬೇಕೆಂದರೆ, ಆ ಪುರುಷನ ಇಡೀ ಜೀವನವನ್ನೇ ಸಾಕ್ಷಿಯಾಗಿ ಕರೆಯಬೇಕು. ಚಾಡಿಕೋರರನ್ನು ದಂಡಿಸಗೊಡದವರು, ಕಳ್ಳರ ಹಿಂದೆ ಕರುಗಳನ್ನು ಅಟ್ಟಿದವರು, ಕನ್ನಗಳ್ಳನನ್ನು ಶರಣರ ಪಂಕ್ತಿಯಲ್ಲಿ ಕುಳ್ಳಿರಿಸಿದವರು ಅರಸನ ಎದೆಗೆ ಕಠಾರಿಯನ್ನು ಗುರಿಮಾಡಿದರೆಂಬುದು ಆ ಜೀವನಕ್ಕೆ ಹೊಂದುವುದಿಲ್ಲ. ಆದರೆ ಜಗದೇವಾದಿಗಳು ಶರಣರ ಗುಂಪಿನಿಂದಲೇ ಬಂದವರೆಂಬ ಮಾತನ್ನು ಮರೆಮಾಚುವುದೂ ಯುಕ್ತವಲ್ಲ. ಹಳೆಯ ಶಾಸ್ತ್ರವನ್ನು ಬಿಟ್ಟರೂ ಹಳೆಯ ದಂಡಬುದ್ಧಿಯು ಅವರನ್ನು ಬಿಟ್ಟಿರಲಿಲ್ಲ. ಅಪರಾಧಕ್ಕೆ ರಕ್ತವೇ ಬೆಲೆಯೆಂಬ ಅರಸನ ಎಣಿಕೆಯನ್ನೇ ಅವರು ಅರಸನ ಮೇಲೆ ತಿರುಗಿಸಿದರು. ಅದರ ಫಲವೂ ಕಣ್ಣೆದುರಿಗಿದೆ. ಕೊಲೆಯಿಂದ ಹರಳಯ್ಯನವರು ಮರಳಲಿಲ್ಲ, ಶರಣಸಂಕುಲವು ದಿಕ್ಕಾಪಾಲಾಯಿತು. ಚನ್ನಬಸವಣ್ಣನವರು ಶರಣರೊಡನೆ ವಚನಗಳ ಕಟ್ಟುಗಳನ್ನು ರಕ್ಷಿಸುತ್ತ ಅರಣ್ಯಮಾರ್ಗವಾಗಿ ಉಳವಿಯನ್ನು ಸೇರಿದರೆಂಬ ಪ್ರತೀತಿಯಿದೆ. ಬಸವಣ್ಣನವರು ಹದಿಹರೆಯದಲ್ಲಿ ಆಶ್ರಯಿಸಿದ್ದ ಕೂಡಲಸಂಗಮಕ್ಕೇ ಮರಳಿ ಅಲ್ಲಿ ಲಿಂಗೈಕ್ಯರಾದರು.

ಕಲ್ಯಾಣದಲ್ಲಿ ಕ್ಷಮಾಧರ್ಮವು ಸೋತಿತೆಂದು ಹೇಳುವವರುಂಟು. ಆದರೆ ಬಿಜ್ಜಳನ ದಂಡವು ಅವನೊಡನೆ ಮುಗಿಯಿತು. ಜಗದೇವನ ಕಠಾರಿಯು ಯಾರಿಗೂ ಧರ್ಮವನ್ನು ಕಲಿಸಲಿಲ್ಲ. ಹುಟ್ಟನ್ನು ಕೇಳದೆ ತಪ್ಪನ್ನು ತಿದ್ದಿ ಒಳಗೆ ಕರೆದುಕೊಳ್ಳುವ ಆ ಮಹಾಮನೆಯ ಪದ್ಧತಿಯೊಂದೇ ಎಂಟು ಶತಮಾನಗಳಿಗೂ ಮೀರಿ ಉಳಿದುಬಂದು, ಮಠಗಳ ದಾಸೋಹದಲ್ಲಿ ನೆಲೆಗೊಂಡಿದೆ.

ಮಠಗಳಿಗೆ ಅರಸರ ಖಡ್ಗವಿಲ್ಲ. ಆದರೂ ಪಂಕ್ತಿಯಿಂದ ಹೊರಗಿಡುವ, ತಪ್ಪಿದವನ ಕಾಣಿಕೆಯನ್ನು ನಿರಾಕರಿಸುವ, ಅವನ ಮನೆಯ ಶುಭಾಶುಭಗಳಿಗೆ ಹೋಗದಿರುವ ದಂಡಗಳು ಸಮಾಜದ ಕೈಯಲ್ಲಿ ಇದ್ದೇ ಇವೆ. ಮದುವೆಯ ಕಾರಣಕ್ಕಾಗಿ ಸ್ವಂತ ಮಗಳಿಗೆ ಬಾಗಿಲು ಮುಚ್ಚಿದ ತಂದೆಯು ಬಸವಜಯಂತಿಯಂದು ಹರಳಯ್ಯನವರ ಹೆಸರು ಹೇಳಿ ಕಣ್ಣೀರಿಡುವುದೂ ಉಂಟು. ಅಂಥವನು ತಾನು ಪೂಜಿಸುವುದು ಹರಳಯ್ಯನವರನ್ನು, ಆದರೆ ನಡೆಸುತ್ತಿರುವುದು ಬಿಜ್ಜಳನ ತೀರ್ಪನ್ನು ಎಂಬುದನ್ನು ಮನಗಾಣಬೇಕು. ಅದನ್ನು ಕಂಡುಕೊಂಡು ಎದ್ದುಹೋಗಿ ಮನೆಯ ಬಾಗಿಲನ್ನು ತೆರೆದರೆ, ಮಹೋತ್ಸವದ ಎಲ್ಲ ಪೂಜೆಗಳಿಗಿಂತ ಆ ಕೆಲಸವು ಬಸವಣ್ಣನವರಿಗೆ ಪ್ರಿಯವಾಗುವುದು.